ಬಿಲ್ ವಿದರ್ಸ್ 1985ರಲ್ಲಿ ಹಾಡುವುದನ್ನು ಯಾಕೆ ಬಿಟ್ಟರು?

ಹಳೇರೆಕಾರ್ಡ್
ತುಂಬಾ ದಿನದಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಅಮೆರಿಕದ ಹಾಡುಗಾರ ಬಿಲ್ ವಿದರ್ಸ್ ಅವರ ಹೆಸರು ಗೊತ್ತಿಲ್ಲದವರಿಗೂ 'ಏಂಟ್ ನೋ ಸನ್‌ಶೈನ್' ಅಥವಾ 'ಲೀನ್ ಆನ್ ಮಿ' ಎಲ್ಲೋ ಒಂದು ಕಡೆ ಕಿವಿಗೆ ಬಿದ್ದೇ ಇರುತ್ತದೆ. ಮೊದಲ ಆಲ್ಬಂ ಬಂದಿದ್ದು 1971ರಲ್ಲಿ, ಕೊನೆಯದು 1985ರಲ್ಲಿ. ಆಮೇಲೆ 2020ರ ಮಾರ್ಚ್ 30ರಂದು, 81ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಇನ್ನೊಂದು ಹೊಸ ಆಲ್ಬಂ ಮಾಡಲೇ ಇಲ್ಲ. ಬರೆಯುವ ಶಕ್ತಿ ಬತ್ತಿತ್ತು ಅನ್ನೋಣ ಅಂದರೆ 2004ರಲ್ಲಿ ಜಿಮ್ಮಿ ಬಫೆಟ್ ಅವರ ಆಲ್ಬಂಗೆ ಹಾಡು ಕೊಟ್ಟಿದ್ದಾರೆ.

ರೆಕಾರ್ಡ್ ಕಂಪನಿಯವರು ಕಾಟ ಕೊಟ್ಟು ಓಡಿಸಿದರು ಅಂತಲೇ ನಾನು ನಂಬಿದ್ದೇನೆ. ಅಂಥ ಹಾಡುಗಾರನ 35 ವರ್ಷ ನಮಗೆ ಸಿಗದೇ ಹೋಯಿತಲ್ಲ ಅಂತ ಈಗಲೂ ಸಿಟ್ಟು ಬರುತ್ತದೆ. ನೀವೆಲ್ಲ ಏನಂತೀರಿ?

ಬಾಸ್‌ಲೈನ್
ನೂರಕ್ಕೆ ನೂರು ಕಂಪನಿಯದ್ದೇ ತಪ್ಪು. 1975ರಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿಗೆ ಬಂದರು. ಅಲ್ಲಿನವರು ಇವರಿಗೆ ಕೊಟ್ಟ ಸಲಹೆಗಳಲ್ಲಿ ಒಂದು ಏನು ಗೊತ್ತಾ? ಎಲ್ವಿಸ್ ಪ್ರೀಸ್ಲಿ ಹಾಡಿದ 'ಇನ್ ದ ಘೆಟ್ಟೋ' ಹಾಡನ್ನು ನೀವೂ ಹಾಡಿ ಅಂತ! ಕಲ್ಲಿದ್ದಲು ಗಣಿ ಊರಲ್ಲಿ ಹುಟ್ಟಿದ ಕಪ್ಪು ಮನುಷ್ಯ ಇವರು. ಬಡವರ ಕೇರಿ ಹೇಗಿರುತ್ತೆ ಅಂತ ಇವರಿಗೇ ಹೇಳಿಕೊಡೋದಾ? ತಾವೇ ಬರೆದು ತಾವೇ ಹಾಡುವವರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ.

ತುಂಗಾತೀರ
ಇವರು ಬ್ಲೂಸ್ ಹಾಡುಗಾರರಲ್ವಾ? ಗಿಟಾರ್ ಹಿಡಿದು ಒಬ್ಬರೇ ಕೂತು ಹಾಡುವ ವಿಡಿಯೋ ನೋಡಿದ್ದೇನೆ.

ಬಾಸ್‌ಲೈನ್
ಬ್ಲೂಸ್ ಅಲ್ಲ ಸರ್, ರಿದಮ್ ಅಂಡ್ ಬ್ಲೂಸ್. ಸೋಲ್ ಅಂತಲೂ ಕರೆಯುತ್ತಾರೆ. ಅಮೆರಿಕದಲ್ಲಿ ಮೊದಲು ಕಪ್ಪು ಜನರ ಹಾಡುಗಳನ್ನೆಲ್ಲ 'ರೇಸ್ ರೆಕಾರ್ಡ್ಸ್' ಅನ್ನುವ ಬೇರೆ ಪಟ್ಟಿಗೆ ಹಾಕುತ್ತಿದ್ದರು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಆ ಹೆಸರು ತೆಗೆದು 'ರಿದಮ್ ಅಂಡ್ ಬ್ಲೂಸ್' ಅಂತ ಇಟ್ಟಿತು. ಹೆಸರು ಕೊಟ್ಟವರು ಆಗ ಅಲ್ಲೇ ಕೆಲಸದಲ್ಲಿದ್ದ ಜೆರ್ರಿ ವೆಕ್ಸ್‌ಲರ್.

ಹೆದ್ದಾರಿ66
ಆದರೆ ವಿದರ್ಸ್ ಅವರನ್ನು ಪೂರ್ತಿಯಾಗಿ ಆ ಡಬ್ಬಿಗೆ ಹಾಕೋಕೂ ಆಗಲ್ಲ. ಮೊದಲ ಆಲ್ಬಂನಲ್ಲಿ ಅಕೂಸ್ಟಿಕ್ ಗಿಟಾರ್ ಎಷ್ಟಿದೆ ನೋಡಿ. ಅರ್ಧ ಜಾನಪದ ಹಾಡುಗಾರರ ದನಿ ಅದು. ಕಂಪನಿಯವರಿಗೆ ತಲೆ ಕೆಟ್ಟಿದ್ದೇ ಇದರಿಂದ. ಕಪ್ಪು ಹಾಡುಗಾರ ಅಂದಮೇಲೆ ಟ್ರಂಪೆಟ್‌ನಂಥ ಹಾರ್ನ್ ವಾದ್ಯ ಬೇಕು, ಹಿಂದೆ ಮೂರು ಹುಡುಗಿಯರು ದನಿಗೂಡಿಸಬೇಕು, ಕುಣಿಯುವಂತಿರಬೇಕು. ಈ ಮನುಷ್ಯ ಸ್ಟೂಲ್ ಮೇಲೆ ಕೂತು ಅಜ್ಜಿಯ ಬಗ್ಗೆ ಹಾಡುತ್ತಾರೆ!

ಗಣಿಊರು
ಅವರು ಹುಟ್ಟಿದ ಊರಿನ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. 1938ರ ಜುಲೈ 4, ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್. ಕಲ್ಲಿದ್ದಲು ಗಣಿಯ ಪುಟ್ಟ ಊರು. ಆರು ಮಕ್ಕಳಲ್ಲಿ ಇವರೇ ಕೊನೆಯವರು. ಬೆಳೆದದ್ದು ಹತ್ತಿರದ ಬೆಕ್ಲಿಯಲ್ಲಿ. 13ನೇ ವಯಸ್ಸಿಗೆ ತಂದೆ ಹೋದರು. 'ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್' ಹಾಡಿನಲ್ಲಿ ಚರ್ಚಿನಲ್ಲಿ ಚಪ್ಪಾಳೆ ತಟ್ಟುವ ಅಜ್ಜಿ ಇದ್ದಾರಲ್ಲ, ಅವರು ವಿದರ್ಸ್ ಅವರ ಸ್ವಂತ ಅಜ್ಜಿ.

ನಾನು ಕೆಜಿಎಫ್‌ನವನು. ನಮ್ಮ ತಾತ ಗಣಿಯಲ್ಲಿ ಕೆಲಸ ಮಾಡಿದವರು. ಲೈನ್ ಮನೆಗಳಲ್ಲಿ ಬೆಳೆದವರಿಗೆ ಗೊತ್ತಿರುತ್ತೆ, ಗೋಡೆಗೆ ಗೋಡೆ ಅಂಟಿಕೊಂಡ ಮನೆ. ಪಕ್ಕದ ಮನೆಯವರು ಶಿಫ್ಟ್‌ನಿಂದ ಬರೋದು ತಡವಾದರೆ ಇಡೀ ಸಾಲಿನ ಹೆಂಗಸರು ಬಾಗಿಲಿಗೆ ಬಂದು ನಿಂತಿರುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಸಕ್ಕರೆ, ಸೀಮೆಎಣ್ಣೆ, ಕೈಸಾಲ ಎಲ್ಲ ಒಬ್ಬರಿಂದೊಬ್ಬರಿಗೆ. ಲಾಸ್ ಏಂಜಲಿಸ್‌ಗೆ ಬಂದಮೇಲೆ ವಿದರ್ಸ್ ಅವರಿಗೆ ಊರಿನ ಈ ಒಗ್ಗಟ್ಟು ನೆನಪಾಗುತ್ತಿತ್ತಂತೆ. 'ಲೀನ್ ಆನ್ ಮಿ' ಹುಟ್ಟಿದ್ದು ಹಾಗೆ. ಗಣಿ ಊರಿನವರು ಯಾರೇ ಕೇಳಿದರೂ ಇದು ನಮ್ಮದೇ ಹಾಡು ಅನ್ನಿಸುತ್ತೆ.

ಮಲೆನಾಡ_ಮಳೆ
ಗಣಿಊರು ಅವರೇ, ಇದನ್ನು ಓದಿ ಈಗ ಮತ್ತೆ ಹಾಡು ಹಾಕಿಕೊಂಡು ಕೇಳಿದೆ. ಥ್ಯಾಂಕ್ಸ್.

ಹಾರ್ಮೋನಿಯಂ_ಮೇಷ್ಟ್ರು
ಆ ಹಾಡಿನ ಬಗ್ಗೆ ನಾನೂ ಎರಡು ಮಾತು ಸೇರಿಸುತ್ತೇನೆ. ವಿದರ್ಸ್ ಆಗಷ್ಟೇ ಒಂದು ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೋ ಕೊಂಡಿದ್ದರು. ಪಿಯಾನೋ ಕಲಿತವರಲ್ಲ. ಸುಮ್ನೆ ಬೆರಳು ಇಟ್ಟು ಪಿಯಾನೋದ ಒಂದೊಂದೇ ಮನೆ (ಕೀ) ಹತ್ತುತ್ತಾ ಇಳಿಯುತ್ತಾ ಹೋದರು. ಹಾಡಿನ ಶುರು ಕೇಳಿ. ಸ ರಿ ಗ ಮ ಅಂತ ಏರುತ್ತೆ, ಮ ಗ ರಿ ಸ ಅಂತ ಇಳಿಯುತ್ತೆ. ಬಲಗೈಯ ಆಕಾರ ಒಂಚೂರೂ ಬದಲಾಗಲ್ಲ, ಕೈ ಹಾಗೇ ಜರುಗುತ್ತೆ. ಬಿಳಿ ಮನೆಗಳು ಸಾಕು, ಕಪ್ಪು ಮನೆ ಮುಟ್ಟೋದೇ ಬೇಡ.

ನನ್ನ ಹತ್ತಿರ ಕೀಬೋರ್ಡ್ ಕಲಿಯಲು ಬರುವ ಮಕ್ಕಳಿಗೆ ಸರಳೆ ವರಸೆ ಆದಮೇಲೆ ನಾನು ಹೇಳಿಕೊಡುವ ಮೊದಲ ಇಂಗ್ಲಿಷ್ ಹಾಡು ಇದೇ. ಒಂದೇ ತರಗತಿಯಲ್ಲಿ ನುಡಿಸುತ್ತಾರೆ. ಆಗ ಅವರ ಮುಖ ನೋಡಬೇಕು ನೀವು. 1972ರ ಜುಲೈನಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆದ ಹಾಡು ಇದು ಅಂದರೆ ನಂಬೋದೇ ಇಲ್ಲ.

ಗಿಟಾರ್_ಗೆಳೆಯ
ಮೇಷ್ಟ್ರೇ, ಹಾಗೆ ನೋಡಿದರೆ 'ಏಂಟ್ ನೋ ಸನ್‌ಶೈನ್' ಕೂಡ ಅಷ್ಟೇ ಸುಲಭ. ಎ ಮೈನರ್, ಇ ಮೈನರ್, ಜಿ, ಮತ್ತೆ ಎ ಮೈನರ್. ನಡುವೆ ಒಂದು ಡಿ ಮೈನರ್. ಮುಗೀತು. ಗಿಟಾರ್ ಹಿಡಿದ ಮೊದಲ ತಿಂಗಳಲ್ಲೇ ಬರುತ್ತೆ. ಆದರೆ ಅವರ ಹಾಗೆ ಹಾಡೋಕೆ ಹೋಗಿ, ಗೊತ್ತಾಗುತ್ತೆ.

ಸಂಜೆರಾಗ
ಆ ಹಾಡಿನಲ್ಲಿ 'ಐ ನೋ' ಅಂತ 26 ಸಲ ಬರುತ್ತಲ್ಲ, ಅದು ಬೇಕಂತಲೇ ಇಟ್ಟಿದ್ದಾ?

ಹೆದ್ದಾರಿ66
ಇಲ್ಲ. ಅಲ್ಲಿ ಇನ್ನೊಂದು ಚರಣ ಬರೆದು ತುಂಬಿಸಬೇಕು ಅಂತಿದ್ದರು. ಸ್ಟುಡಿಯೋದಲ್ಲಿ ಇದ್ದವರು, ಬೇಡ, ಹೀಗೇ ಇರಲಿ ಅಂದರು. ಹೇಳಿದವರು ಯಾರು ನೋಡಿ. ನಿರ್ಮಾಪಕ ಬೂಕರ್ ಟಿ. ಜೋನ್ಸ್. ಗಿಟಾರ್‌ನಲ್ಲಿ ಸ್ಟೀಫನ್ ಸ್ಟಿಲ್ಸ್. ಬಾಸ್‌ನಲ್ಲಿ ಡೊನಾಲ್ಡ್ ಡಕ್ ಡನ್, ಡ್ರಮ್ಸ್‌ನಲ್ಲಿ ಅಲ್ ಜಾಕ್ಸನ್ ಜೂನಿಯರ್. ಅಂಥ ಕೊಠಡಿಯಲ್ಲಿ ವಿದರ್ಸ್ ಇನ್ನೂ ಕಾರ್ಖಾನೆ ಕೆಲಸಗಾರ. ದೊಡ್ಡವರ ಮಾತು ಕೇಳಿದರು. ಒಳ್ಳೇದೇ ಆಯಿತು.

ಇನ್ನೊಂದು ವಿಷಯ. ಆ ಹಾಡು ಮೊದಲು ಬಿ ಸೈಡ್‌ನಲ್ಲಿ, ಅಂದರೆ ರೆಕಾರ್ಡ್ ತಟ್ಟೆಯ ಹಿಂಬದಿಯಲ್ಲಿ ಇತ್ತು. ಕಂಪನಿ ಮುಂದಿಟ್ಟಿದ್ದು 'ಹಾರ್ಲೆಂ' ಅನ್ನುವ ಹಾಡನ್ನು. ರೇಡಿಯೋದವರು ತಟ್ಟೆ ತಿರುಗಿಸಿ ಹಾಕಿದರು. ಬಿಲ್‌ಬೋರ್ಡ್‌ನಲ್ಲಿ ಮೂರನೇ ಸ್ಥಾನಕ್ಕೆ ಹೋಯಿತು, ಗ್ರ್ಯಾಮಿ ಬಂತು.

ತುಂಗಾತೀರ
ಕಾರ್ಖಾನೆ ಕೆಲಸಗಾರ ಅಂದ್ರೆ? ಅದೇನು ಕಥೆ?

ಹಳೇರೆಕಾರ್ಡ್
ಅದೇ ಸರ್ ದೊಡ್ಡ ಕಥೆ. 17ನೇ ವಯಸ್ಸಿಗೆ ನೌಕಾಪಡೆ ಸೇರಿದರು. ಒಂಬತ್ತು ವರ್ಷ ಅಲ್ಲಿ. ವಿಮಾನ ರಿಪೇರಿ ಕಲಿತರು. 1965ರಲ್ಲಿ ಹೊರಗೆ ಬಂದು ಕ್ಯಾಲಿಫೋರ್ನಿಯಾದಲ್ಲಿ ಮನೆ ಮನೆಗೆ ಹಾಲು ಹಾಕಿದರು. ಆಮೇಲೆ ಕಾರ್ಖಾನೆ. ಬೋಯಿಂಗ್ 747 ವಿಮಾನಗಳಿಗೆ ಟಾಯ್ಲೆಟ್ ಸೀಟು ಜೋಡಿಸುವ ಕೆಲಸ.

ಓಕ್‌ಲ್ಯಾಂಡ್‌ನ ಒಂದು ಕ್ಲಬ್‌ಗೆ ಲೂ ರಾಲ್ಸ್ ಅವರ ಹಾಡು ಕೇಳಲು ಹೋಗಿದ್ದರು. ರಾಲ್ಸ್ ಬರೋದು ತಡವಾಯಿತು. ವಾರಕ್ಕೆ 2000 ಡಾಲರ್ ಕೊಡ್ತೀನಿ, ಹೊತ್ತಿಗೆ ಸರಿಯಾಗಿ ಬರಲ್ಲ ಅಂತ ಮ್ಯಾನೇಜರ್ ಗೊಣಗುತ್ತಿದ್ದ. ವಿದರ್ಸ್ ಅವರಿಗೆ ಆಗ ಗಂಟೆಗೆ ಮೂರು ಡಾಲರ್ ಸಿಗುತ್ತಿತ್ತು. ಗಿರವಿ ಅಂಗಡಿಗೆ ಹೋಗಿ ಒಂದು ಹಳೇ ಗಿಟಾರ್ ತಂದರು, ಕಾರ್ಖಾನೆ ಕೆಲಸದ ನಡುವೆಯೇ ಕಲಿತರು. ಸಂಬಳ ಉಳಿಸಿ ಡೆಮೊ ಟೇಪ್ ಮಾಡಿಸಿ ಕಂಪನಿಗಳ ಬಾಗಿಲು ತಟ್ಟಿದರು. ಕೊನೆಗೆ ಸಸೆಕ್ಸ್ ರೆಕಾರ್ಡ್ಸ್‌ನ ಕ್ಲಾರೆನ್ಸ್ ಅವಾಂಟ್ ಕೈ ಹಿಡಿದರು.

ಮೊದಲ ಆಲ್ಬಂನ ಕವರ್ ನೋಡಿ. ಕೈಯಲ್ಲಿ ಊಟದ ಡಬ್ಬಿ. ಫೋಟೋಗಾಗಿ ಹಾಕಿದ ವೇಷ ಅಲ್ಲ ಅದು. ಬರ್ಬ್ಯಾಂಕ್‌ನ ಕಾರ್ಖಾನೆಯಲ್ಲೇ ಊಟದ ಬಿಡುವಿನಲ್ಲಿ ತೆಗೆದದ್ದು. ಹಾಡು ಹಿಟ್ ಆದಮೇಲೂ ಕೆಲಸ ಬಿಡೋಕೆ ಹಿಂಜರಿದರು. ಹಾಡಿನ ವ್ಯವಹಾರ ನಂಬೋ ಹಾಗಿಲ್ಲ ಅಂತ. ಆ ಹಾಡಿಗೆ ಗೋಲ್ಡ್ (ತುಂಬಾ ಮಾರಾಟವಾದ ಹಾಡಿಗೆ ಕೊಡುವ ಮನ್ನಣೆ) ಬಂದಾಗ ಕಂಪನಿಯವರು ಅವರಿಗೆ ಕೊಟ್ಟಿದ್ದು ಚಿನ್ನದ ಬಣ್ಣದ ಟಾಯ್ಲೆಟ್ ಸೀಟು!

ಪುಟ್ಟಕ್ಕನ_ಹೈವೇ_ಹೋಟೆಲ್
ಹೋ, ಚಿನ್ನದ ಸೀಟು! ಇದು ಗೊತ್ತೇ ಇರಲಿಲ್ಲ.

ಅಡಿಟಿಪ್ಪಣಿ
ಹಳೇರೆಕಾರ್ಡ್ ಸರ್, ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದ ಈ ಪೋಸ್ಟ್‌ನಲ್ಲಿದೆ. ನಾನು ನಿಮ್ಮ ಮಾತು ಒಪ್ಪಲ್ಲ. 'ಕಂಪನಿ ಓಡಿಸಿತು' ಅಂದರೆ ಆ ಮನುಷ್ಯನನ್ನು ತುಂಬಾ ಸಣ್ಣವರನ್ನಾಗಿ ಮಾಡಿದ ಹಾಗೆ.

ಮೊದಲ ಆಲ್ಬಂ ಬರುವಾಗ ಅವರಿಗೆ 32 ವರ್ಷ. ಹದಿನಾರಕ್ಕೆ ಸ್ಟಾರ್ ಆದವರಿಗೆ ಹಾಡು ಬಿಟ್ಟರೆ ಬದುಕೇ ಇಲ್ಲ. ಇವರಿಗೆ ಹಾಗಲ್ಲ. ಹಾಡಿಲ್ಲದೆ ಬದುಕುವುದು ಹೇಗೆ ಅಂತ ಮೊದಲೇ ಗೊತ್ತಿತ್ತು. ನೌಕರಿ ಮಾಡಿದ್ದರು, ಕೈಯಲ್ಲಿ ಕೆಲಸ ಇತ್ತು, ಹೆಂಡತಿ ಮಕ್ಕಳು ಇದ್ದರು. ಯಾರೋ ಬಂದು ಹೀಗೆ ಹಾಡು, ಹಾಗೆ ಹಾಡು ಅಂದಾಗ, ಬೇಡ ಬಿಡಿ, ಹೊರಟೆ ಅನ್ನುವ ಧೈರ್ಯ ಅವರಿಗಿತ್ತು.

ಬಾಸ್‌ಲೈನ್
ಇದೇನ್ರೀ ಮಾತು. ಕಿರುಕುಳ ಕೊಟ್ಟವರದ್ದು ಏನೂ ತಪ್ಪಿಲ್ಲ, ಕೆಲಸ ಬಿಟ್ಟವನದ್ದು ಧೈರ್ಯ ಅಂತಾನಾ? 1978ರ ಆಲ್ಬಂ ಆದಮೇಲೆ ಮುಂದಿನದ್ದು ಬಂದಿದ್ದು 1985ರಲ್ಲಿ. ನಡುವೆ ಏಳು ವರ್ಷ. ಹಾಡು ತಗೊಂಡು ಹೋದರೆ ಇದು ಸರಿಯಿಲ್ಲ, ಅದು ಸರಿಯಿಲ್ಲ. ಯಾರಿಗಾದರೂ ಸಾಕಾಗಲ್ವಾ?

ಅಡಿಟಿಪ್ಪಣಿ
ಕಂಪನಿಯದ್ದು ಸರಿ ಅಂತ ನಾನೆಲ್ಲಿ ಹೇಳಿದೆ? ಸಲಹೆ ಕೊಡೋಕೆ ಬಂದವರ ಮೇಲೆ ಅವರಿಗೂ ಕೋಪ ಇತ್ತು, ಸಂದರ್ಶನಗಳಲ್ಲಿ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಆದರೆ 1985ರ ನಂತರ ಬಾಗಿಲು ಮುಚ್ಚಿರಲಿಲ್ಲ. ಬೇರೆ ಕಂಪನಿ ಇತ್ತು. 1987ರಲ್ಲಿ ಕ್ಲಬ್ ನೂವೋ ತಂಡ 'ಲೀನ್ ಆನ್ ಮಿ' ಹಾಡಿ ಮತ್ತೆ ನಂಬರ್ ಒನ್ ಮಾಡಿತು. ಬರೆದವರು ಅಂತ ವಿದರ್ಸ್ ಅವರಿಗೆ ಗ್ರ್ಯಾಮಿ ಬಂತು. ಅದು ಅವರ ಮೂರನೇ ಗ್ರ್ಯಾಮಿ. ವಾಪಸ್ ಬರಬೇಕು ಅಂದಿದ್ದರೆ ಅದಕ್ಕಿಂತ ಒಳ್ಳೆ ಹೊತ್ತು ಇರಲಿಲ್ಲ. ಬರಲಿಲ್ಲ. ಅವರಿಗೆ ಬೇಕಿರಲಿಲ್ಲ, ಅಷ್ಟೇ.

ಕೋರ್ಟುಕಚೇರಿ
ದುಡ್ಡಿನ ಲೆಕ್ಕವನ್ನು ಮರೆಯಬೇಡಿ. ಹಾಡು ಹಾಡಿದವರಿಗಿಂತ ಬರೆದವರಿಗೆ, ಅದರ ಹಕ್ಕು ಇಟ್ಟುಕೊಂಡವರಿಗೆ ಬರುವ ಹಣ ಬೇರೆ. ಬೇರೆಯವರು ಹಾಡಿದರೂ ಬರುತ್ತೆ, ಸಿನಿಮಾಕ್ಕೆ ಹಾಕಿದರೂ ಬರುತ್ತೆ, ಒಂದು ತುಣುಕು ಕತ್ತರಿಸಿ ಹೊಸ ಹಾಡಿಗೆ ಸೇರಿಸಿದರೂ ಬರುತ್ತೆ. ವಿದರ್ಸ್ ಅವರ ಹಾಡುಗಳ ಪಬ್ಲಿಷಿಂಗ್ ನೋಡಿಕೊಳ್ಳುತ್ತಿದ್ದವರು ಅವರ ಹೆಂಡತಿ ಮಾರ್ಷಾ. ಮನೆಯಲ್ಲೇ ಲೆಕ್ಕ ಬಿಗಿಯಾಗಿತ್ತು. 1950-60ರ ದಶಕದ ಎಷ್ಟೋ ಕಪ್ಪು ಹಾಡುಗಾರರು ಹಕ್ಕು ಕಳೆದುಕೊಂಡು, ಕೊನೆಗಾಲದಲ್ಲಿ ಕಾಸಿಗಾಗಿ ಊರೂರು ತಿರುಗಿ ಹಾಡಬೇಕಾಯಿತು. ಇವರಿಗೆ ಆ ಗತಿ ಬರಲಿಲ್ಲ. ಮನೆಯಲ್ಲಿ ಕೂರುವ ಸ್ವಾತಂತ್ರ್ಯ ಕೊಟ್ಟಿದ್ದು ಆ ಹಕ್ಕು.

ಡೀಜೆ_ದಾವಣಗೆರೆ
ತುಣುಕು ಅಂದಾಗ ನೆನಪಾಯಿತು. 1996ರ ಬ್ಲ್ಯಾಕ್‌ಸ್ಟ್ರೀಟ್ ಅವರ 'ನೋ ಡಿಗಿಟಿ' ಶುರುವಿನಲ್ಲಿ 'ಹ್ಮ್ ಹ್ಮ್' ಅನ್ನುವ ಗುನುಗು ಬರುತ್ತಲ್ಲ, ಅದು 'ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್' ಹಾಡಿನದ್ದೇ. ಡಾನ್ಸ್ ಫ್ಲೋರ್‌ನಲ್ಲಿ ಹಾಕಿದಾಗೆಲ್ಲ ಹುಡುಗರಿಗೆ ಇದು ಅಜ್ಜಿ ಹಾಡು ಕಣ್ರೋ ಅಂತ ಹೇಳ್ತೀನಿ.

ಸಂಜೆರಾಗ
ನನಗೆ ಅವರ ಹಾಡುಗಳಲ್ಲಿ 'ಜಸ್ಟ್ ದ ಟೂ ಆಫ್ ಅಸ್' ಬಹಳ ಇಷ್ಟ. ಎಷ್ಟು ಚೆನ್ನಾಗಿ ಬರೆದಿದ್ದಾರೆ!

ಹೆದ್ದಾರಿ66
ಅದು ಅವರೊಬ್ಬರದ್ದೇ ಅಲ್ಲ ಸಂಜೆರಾಗ. ವಿಲಿಯಂ ಸಾಲ್ಟರ್ ಮತ್ತು ರಾಲ್ಫ್ ಮ್ಯಾಕ್‌ಡೊನಾಲ್ಡ್ ತಂದ ಹಾಡು. ಸಾಲುಗಳನ್ನು ನಾನು ಸ್ವಲ್ಪ ತಿದ್ದುತ್ತೇನೆ, ಒಪ್ಪಿದರೆ ಹಾಡುತ್ತೇನೆ ಅಂದರು ವಿದರ್ಸ್. ಹಾಗಾಗಿ ಮೂವರ ಹೆಸರೂ ಇದೆ. ಬಂದಿದ್ದು ಸ್ಯಾಕ್ಸೊಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ ಆಲ್ಬಂನಲ್ಲಿ. 1981ರಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ತಮ್ಮ ಕಂಪನಿಯಲ್ಲಿ ಹಾಡು ಹೊರಬರದ ಹೊತ್ತಲ್ಲಿ ಬೇರೆ ಕಂಪನಿಯ ಆಲ್ಬಂನಲ್ಲಿ ಹಾಡಿ ಗೆದ್ದು ತೋರಿಸಿದರು.

ಸಂಜೆರಾಗ
ಯಾರು ಬರೆದರೂ ಹಾಡು ಅವರದ್ದೇ. ಆ ದನಿ ತೆಗೆದರೆ ಏನು ಉಳಿಯುತ್ತೆ ಹೇಳಿ.

ಬಾಸ್‌ಲೈನ್
ಸ್ಯಾಕ್ಸೊಫೋನ್ ಉಳಿಯುತ್ತೆ. ಅದೂ ಕಡಿಮೆ ಏನಲ್ಲ.

ತೊದಲುನುಡಿ
ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಇಷ್ಟೆಲ್ಲ ಮಾತಾಡಿದಿರಿ, ಒಂದು ವಿಷಯ ಬಿಟ್ಟಿರಿ. ವಿದರ್ಸ್ ಅವರಿಗೆ ಉಗ್ಗು ಇತ್ತು. ಬಾಲ್ಯದಲ್ಲಿ ಮಾತ್ರ ಅಲ್ಲ, 28ರ ವಯಸ್ಸಿನವರೆಗೂ. ನೌಕಾಪಡೆಯಲ್ಲಿದ್ದಾಗಲೂ ಇತ್ತು.

ನನಗೂ ಇದೆ. ಶಾಲೆಯಲ್ಲಿ ಹಾಜರಿ ಕೂಗುವಾಗ 'ಎಸ್ ಸರ್' ಅನ್ನೋಕೆ ಆಗದೆ ಸುಮ್ನೆ ಕೈ ಎತ್ತುತ್ತಿದ್ದೆ. ಫೋನ್ ಬಂದರೆ ಈಗಲೂ ಒಂದು ಕ್ಷಣ ಎದೆ ಡವಗುಟ್ಟುತ್ತೆ. 'ಹಲೋ' ಅನ್ನೋ ಹ ಅಕ್ಷರ ಗಂಟಲಲ್ಲೇ ಕೂತುಬಿಡುತ್ತೆ. ಆದರೆ ಹಾಡುವಾಗ ಉಗ್ಗು ಬರಲ್ಲ. ಉಗ್ಗು ಇರುವ ಬಹಳ ಜನಕ್ಕೆ ಹೀಗೇ. ಎದುರಿಗಿರುವವರು ನನ್ನ ಬಗ್ಗೆ ಏನಂದುಕೊಳ್ತಾರೋ ಅನ್ನುವ ಭಯವೇ ಮಾತನ್ನು ಹಿಡಿದು ನಿಲ್ಲಿಸುತ್ತಿತ್ತು ಅಂತ ವಿದರ್ಸ್ ಕಂಡುಕೊಂಡರು. ಅದನ್ನು ಗೆದ್ದಮೇಲೇ ಅವರು ಹಾಡುಗಾರ ಆಗಿದ್ದು.

2009ರಲ್ಲಿ ಅವರ ಮೇಲೆ 'ಸ್ಟಿಲ್ ಬಿಲ್' ಅಂತ ಒಂದು ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಉಗ್ಗು ಇರುವ ಮಕ್ಕಳ ನಾಟಕ ತಂಡವನ್ನು ನೋಡಲು ಹೋಗುತ್ತಾರೆ. ಆ ಮಕ್ಕಳ ಮಾತು ಕೇಳುತ್ತಾ ಅವರ ಕಣ್ಣು ತುಂಬಿ ಬರುತ್ತೆ. ಅವರ ಹಾಡುಗಳಲ್ಲಿ ಮಾತು ಯಾಕೆ ಇಷ್ಟು ಕಡಿಮೆ, ಸಾಲು ಯಾಕೆ ಇಷ್ಟು ಚಿಕ್ಕದು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇದೆ. ಒಂದೊಂದು ಮಾತಿಗೂ ಕಷ್ಟಪಟ್ಟವರು ಮಾತನ್ನು ಪೋಲು ಮಾಡಲ್ಲ.

ಗಣಿಊರು
ತೊದಲುನುಡಿ ಅವರೇ, ಬರೆದಿದ್ದು ತುಂಬಾ ಒಳ್ಳೇದಾಯಿತು. ಇನ್ನೂ ಬರೀರಿ.

ಮಲೆನಾಡ_ಮಳೆ
ನನ್ನ ತಮ್ಮನಿಗೂ ಉಗ್ಗು ಇದೆ. ಆ ಸಾಕ್ಷ್ಯಚಿತ್ರ ಅವನಿಗೆ ತೋರಿಸ್ತೀನಿ.

ಹಾರ್ಮೋನಿಯಂ_ಮೇಷ್ಟ್ರು
ಮಾತು ಕಡಿಮೆ ಅನ್ನೋದು ಸರಿ, ಉಸಿರು ಮಾತ್ರ ಕಡಿಮೆ ಇಲ್ಲ ನೋಡಿ. 1977ರ 'ಲವ್ಲಿ ಡೇ' ಕೊನೆಯಲ್ಲಿ ಒಂದೇ ಸ್ವರವನ್ನು 18 ಸೆಕೆಂಡ್ ಹಿಡಿಯುತ್ತಾರೆ. ಎಲ್ಲೂ ಅಲುಗಲ್ಲ, ಗಮಕ ಇಲ್ಲ, ಅಬ್ಬರ ಇಲ್ಲ. ಬಾಲ್ಯದಲ್ಲಿ ಅವರಿಗೆ ಆಸ್ತಮಾ ಬೇರೆ ಇತ್ತು.

ಸೀಮಾರೇಖೆ
ನಾನು ಸೇನೆಯಲ್ಲಿದ್ದು ನಿವೃತ್ತನಾದವನು. 1972ರ ಅಕ್ಟೋಬರ್ 6ರಂದು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಅವರು ಕೊಟ್ಟ ಕಛೇರಿಯ ರೆಕಾರ್ಡ್ ಇದೆ, ದಯವಿಟ್ಟು ಕೇಳಿ. ಅದರಲ್ಲಿ ವಿಯೆಟ್ನಾಂ ಯುದ್ಧದಿಂದ ಬಂದ ಹುಡುಗನ ಹಾಡು ಒಂದಿದೆ. ಬಲಗೈ ಹೋಗಿದೆ, ಎಡಗೈಯಲ್ಲಿ ಬರೆಯೋಕೆ ಬರಲ್ಲ. ತಾಯಿಗೆ ಒಂದು ಪತ್ರ ಬರೆದುಕೊಡಿ ಅಂತ ಕೇಳುತ್ತಾನೆ. ಹಾಡೋಕೆ ಮೊದಲು ವಿದರ್ಸ್ ಆ ಹುಡುಗನ ಬಗ್ಗೆ ಮೆಲ್ಲಗೆ ಮಾತಾಡುತ್ತಾರೆ. ಯುದ್ಧ ಸರಿಯೋ ತಪ್ಪೋ ಅಂತ ಕೂಗಾಡಲ್ಲ. ಆ ಪತ್ರ ಒಂದೇ ಸಾಕು. ಜೊತೆಯವರ ಪತ್ರಗಳನ್ನು ಬರೆದುಕೊಟ್ಟವನು ನಾನು. ಈ ಹಾಡನ್ನು ಪೂರ್ತಿ ಕೇಳೋದು ನನಗೆ ಇವತ್ತಿಗೂ ಕಷ್ಟ.

ಡೀಜೆ_ದಾವಣಗೆರೆ
ಸರ್, ನಮಸ್ಕಾರ ನಿಮಗೆ. ಆ ರೆಕಾರ್ಡ್‌ನಲ್ಲಿ ಡ್ರಮ್ಸ್ ನುಡಿಸಿದ ಜೇಮ್ಸ್ ಗ್ಯಾಡ್ಸನ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 'ಯೂಸ್ ಮಿ' ಹಾಡಿನ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ) ಗಮನಿಸಿ ಕೇಳಿ. ಗ್ಯಾಡ್ಸನ್, ಬಾಸ್‌ನ ಮೆಲ್ವಿನ್ ಡನ್‌ಲ್ಯಾಪ್, ಕೀಬೋರ್ಡ್‌ನ ರೇ ಜಾಕ್ಸನ್, ಇವರೆಲ್ಲ ಮೊದಲು 'ವಾಟ್ಸ್ 103ನೇ ರಸ್ತೆ' ಅನ್ನುವ ವಾದ್ಯತಂಡದಲ್ಲಿದ್ದವರು. ಕಡಿಮೆ ನುಡಿಸಿ ಜಾಸ್ತಿ ಕುಣಿಸುವವರು.

ಹೆದ್ದಾರಿ66
1974ರಲ್ಲಿ ಆಫ್ರಿಕಾದ ಕಿನ್ಶಾಸಾಗೂ ಹೋಗಿದ್ದರು. ಮೊಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್ಮನ್ ಕುಸ್ತಿಯ ಜೊತೆಗೆ ಅಂತ ಇಟ್ಟುಕೊಂಡಿದ್ದ ಸಂಗೀತೋತ್ಸವ ಅದು. ಜೇಮ್ಸ್ ಬ್ರೌನ್, ಬಿ.ಬಿ. ಕಿಂಗ್ ಎಲ್ಲ ಇದ್ದರು.

ಕೋರ್ಟುಕಚೇರಿ
ಕುಸ್ತಿ ಅಲ್ಲ, ಬಾಕ್ಸಿಂಗ್. ಫೋರ್ಮನ್ ಕಣ್ಣಿನ ಹತ್ತಿರ ಗಾಯ ಆಗಿ ಪಂದ್ಯ ಅಕ್ಟೋಬರ್ 30ಕ್ಕೆ ಹೋಯಿತು. ಸಂಗೀತ ಮಾತ್ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು.

ಪುಟ್ಟಕ್ಕನ_ಹೈವೇ_ಹೋಟೆಲ್
ಎಲ್ಲಿಂದ ಎಲ್ಲಿಗೋ ಹೋಯಿತಲ್ಲ ಚರ್ಚೆ! ಹಾಡು ಯಾಕೆ ಬಿಟ್ಟರು ಅನ್ನೋದು ಇತ್ಯರ್ಥ ಆಯಿತಾ?

ಹಳೇರೆಕಾರ್ಡ್
ಇಲ್ಲ ಅಕ್ಕ. ಅಡಿಟಿಪ್ಪಣಿ ಅವರ ಮಾತಲ್ಲಿ ತೂಕ ಇದೆ, ಆದರೆ ಪೂರ್ತಿ ಒಪ್ಪೋಕೆ ಮನಸ್ಸು ಬರಲ್ಲ. ಕೊಲಂಬಿಯಾ ಮಾತ್ರ ಅಲ್ಲ, ಅದಕ್ಕೂ ಮೊದಲು ಸಸೆಕ್ಸ್ ಜೊತೆಗೂ ಹಣದ ಜಗಳ ಆಗಿತ್ತು. ಆ ಸಿಟ್ಟಲ್ಲಿ ಒಂದು ಇಡೀ ಆಲ್ಬಂನ ಟೇಪ್ ಅಳಿಸಿಹಾಕಿದೆ ಅಂತ ಅವರೇ ಮುಂದೆ ಹೇಳಿದ್ದಾರೆ. ಒಂದು ಇಡೀ ಆಲ್ಬಂ! 1974ರ ಆಸುಪಾಸಿನ ಬಿಲ್ ವಿದರ್ಸ್, ತಮ್ಮ ದನಿಯ ತುತ್ತತುದಿಯಲ್ಲಿದ್ದಾಗ ಹಾಡಿದ ಹಾಡುಗಳು. ನೆನಪಾದರೆ ಹೊಟ್ಟೆ ಉರಿಯುತ್ತೆ. ದುಡ್ಡು ಸರಿಯಾಗಿ ಕೊಟ್ಟಿದ್ದರೆ ಅವು ಇವತ್ತು ನಮ್ಮ ಹತ್ತಿರ ಇರುತ್ತಿದ್ದವು.

ಅಡಿಟಿಪ್ಪಣಿ
ಅದು ನಷ್ಟವೇ, ಒಪ್ಪಿದೆ. ಆದರೆ ಅವರ ಕೊನೆಯ ವರ್ಷಗಳನ್ನು ನೋಡಿ. ಸೋತು ಮೂಲೆ ಸೇರಿದವರ ಹಾಗೆ ಇರಲಿಲ್ಲ. 2015ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ಸ್ಟೀವಿ ವಂಡರ್ ಅವರೇ ನಿಂತು ಇವರನ್ನು ಬರಮಾಡಿಕೊಂಡರು. ಅಲ್ಲಿ ವಿದರ್ಸ್ ಮಾಡಿದ ಭಾಷಣ ಕೇಳಿ. ಇಡೀ ಸಭಾಂಗಣ ನಗುತ್ತಿತ್ತು. ಉಗ್ಗುತ್ತಿದ್ದ ಹುಡುಗ ಅದು.

ಗಿಟಾರ್_ಗೆಳೆಯ
2020ರ ಏಪ್ರಿಲ್‌ನಲ್ಲಿ ಅವರ ಸಾವಿನ ಸುದ್ದಿ ಬಂದಾಗ ಲಾಕ್‌ಡೌನ್. ಎಷ್ಟೋ ದೇಶಗಳಲ್ಲಿ ಜನ ಮನೆಯಿಂದಲೇ 'ಲೀನ್ ಆನ್ ಮಿ' ಹಾಡಿ ಹಾಕುತ್ತಿದ್ದರು. ನಮ್ಮ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ನಾನೂ ನುಡಿಸಿದೆ. ಎದುರು ಬ್ಲಾಕಿನ ಒಬ್ಬರು ಆಂಟಿ ಹಾಡು ಗೊತ್ತಿಲ್ಲದಿದ್ದರೂ ತಾಳ ಹಾಕಿದರು.

ಸಂಜೆರಾಗ
ಹೊಸಬರಿಗೆ ಯಾವುದರಿಂದ ಶುರು ಮಾಡಿ ಅಂತೀರಿ?

ಹೆದ್ದಾರಿ66
ಕಾರ್ನೆಗಿ ಹಾಲ್ ರೆಕಾರ್ಡ್. ಎರಡು ಮಾತಿಲ್ಲ. ಆಮೇಲೆ 1972ರ 'ಸ್ಟಿಲ್ ಬಿಲ್' ಆಲ್ಬಂ, ಸಾಕ್ಷ್ಯಚಿತ್ರಕ್ಕೆ ಹೆಸರು ಬಂದಿದ್ದು ಇದರಿಂದಲೇ. 1985ರದ್ದನ್ನು ಬಿಟ್ಟರೂ ನಷ್ಟ ಇಲ್ಲ. ಎಲ್ಲೆಲ್ಲೂ ಸಿಂಥಸೈಜರ್, ಅವರ ಗಿಟಾರ್ ಕೇಳೋದೇ ಇಲ್ಲ.

ಬಾಸ್‌ಲೈನ್
ಯಾಕ್ರೀ ಬಿಡಬೇಕು? ಸಿಂಥಸೈಜರ್ ಆ ಕಾಲದ ಚಾಳಿ, ದನಿ ಅದೇ ದನಿ. ಅವರು ಹಾಡಿದ ಕೊನೆಯ ಆಲ್ಬಂ ಅದು, ಒಂದು ಸಲನಾದರೂ ಕೇಳಿ. ಸಂಜೆರಾಗ, ಇವರ ಮಾತು ನಂಬಬೇಡಿ. ಕೇಳಿ ಬಂದು ಇಲ್ಲೇ ಬರೀರಿ, ಆಮೇಲೆ ಜಗಳ ಮುಂದುವರಿಸೋಣ.